ಗುಡ್ಡ, ಹಳ್ಳ, ಹೊಲದ ನಕ್ಷೆ ಆಟ: ನಮ್ಮ ರೊಗೇನಿಂಗ್ ಕ್ಲಬ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸುತ್ತಮುತ್ತ ಆಡಲು ಬರುವವರಿಗಾಗಿ ಇದನ್ನು ಬರೆದಿದ್ದೇವೆ. ಬೇರೆ ಊರಿನಲ್ಲಿ ಇಂಥದ್ದೇ ಕ್ಲಬ್ ಶುರು ಮಾಡಬೇಕು ಅಂತ ಫೋನ್ ಮಾಡುವವರೂ ಇದ್ದಾರೆ. ಅವರಿಗೆ ಬೇಕಾದ ಮಾತು ಅರ್ಧದಿಂದ ಆಚೆ ಸಿಗುತ್ತದೆ.

ರೊಗೇನಿಂಗ್ ಅಂದ್ರೆ ಏನು?

ಕೈಯಲ್ಲೊಂದು ನಕ್ಷೆ, ಒಂದು ಕಂಪಾಸ್, ಜೊತೆಗೆ ನಿಮ್ಮ ತಂಡ. ತಂಡದಲ್ಲಿ ಕನಿಷ್ಠ ಇಬ್ಬರು, ಗರಿಷ್ಠ ಐವರು. ಬಯಲಿನಲ್ಲಿ ಅಲ್ಲಲ್ಲಿ ಕಿತ್ತಳೆ-ಬಿಳಿ ಬಣ್ಣದ ಬಾವುಟ ಕಟ್ಟಿರುತ್ತೇವೆ. ಅದೇ ಚೆಕ್‌ಪಾಯಿಂಟ್. ಹತ್ತಿರದ, ಸುಲಭದ ಚೆಕ್‌ಪಾಯಿಂಟಿಗೆ ಕಡಿಮೆ ಅಂಕ, ದೂರದ ಕಷ್ಟದ್ದಕ್ಕೆ ಜಾಸ್ತಿ ಅಂಕ. ಕೊಟ್ಟ ಸಮಯದೊಳಗೆ ಎಷ್ಟು ಅಂಕ ಕೂಡಿಸಿಕೊಂಡು ವಾಪಸ್ ಬರುತ್ತೀರಿ ಅನ್ನೋದೇ ಆಟ. ದಾರಿ ಯಾವುದು, ಮೊದಲು ಎಲ್ಲಿಗೆ, ಯಾವುದನ್ನು ಬಿಡೋದು, ಎಲ್ಲ ನಿಮ್ಮದೇ ಲೆಕ್ಕ. ಎಲ್ಲ ಚೆಕ್‌ಪಾಯಿಂಟ್ ಮುಟ್ಟಲೇಬೇಕು ಅಂತಿಲ್ಲ. ಹೆಚ್ಚಿನ ತಂಡಗಳು ಅರ್ಧವನ್ನೂ ಮುಟ್ಟುವುದಿಲ್ಲ.

ಆಟ ಹುಟ್ಟಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ. ಅಲ್ಲಿ 1976ರಲ್ಲಿ ಮೊದಲ ಸಂಘ ಆಯಿತು. ಮೊದಲ ವಿಶ್ವ ಚಾಂಪಿಯನ್‌ಶಿಪ್ 1992ರಲ್ಲಿ ಅದೇ ರಾಜ್ಯದ ಬೀಚ್‌ವರ್ತ್‌ನಲ್ಲಿ ನಡೆಯಿತು. ಪೂರ್ಣ ಪ್ರಮಾಣದ ಸ್ಪರ್ಧೆ 24 ಗಂಟೆಯದು, ಹಗಲು ರಾತ್ರಿ ಎರಡೂ. ನಮ್ಮಲ್ಲಿ ಹೆಚ್ಚಾಗಿ 3 ಗಂಟೆ, 6 ಗಂಟೆಯ ಆಟಗಳನ್ನೇ ಇಡುತ್ತೇವೆ.

ಓರಿಯಂಟೀರಿಂಗ್‌ಗೂ ಇದಕ್ಕೂ ಏನು ವ್ಯತ್ಯಾಸ?

ಸಾಮಾನ್ಯ ಓರಿಯಂಟೀರಿಂಗ್ ಕೂಡ ನಕ್ಷೆ, ಕಂಪಾಸ್ ಹಿಡಿದು ಆಡುವ ಆಟವೇ, ಆದರೆ ಅಲ್ಲಿ ಒಬ್ಬೊಬ್ಬರೇ ಓಡುತ್ತಾರೆ. ಚೆಕ್‌ಪಾಯಿಂಟುಗಳನ್ನು ಹೇಳಿದ ಸರದಿಯಲ್ಲೇ ಮುಟ್ಟಬೇಕು, ಬೇಗ ಬಂದವರು ಗೆದ್ದರು. ಇಲ್ಲಿ ತಂಡ ಇರಲೇಬೇಕು, ಸರದಿ ನಿಮ್ಮ ಇಷ್ಟ, ಸಮಯ ಎಲ್ಲರಿಗೂ ಒಂದೇ. ಹಾಗಾಗಿ ಕಾಲು ಜೋರಾಗಿರುವ ಹುಡುಗರನ್ನು ತಲೆ ಓಡಿಸುವ ನಡುವಯಸ್ಸಿನವರು ಸೋಲಿಸುವುದು ಇಲ್ಲಿ ಮಾಮೂಲು.

ಓಡಲು ಬರಲ್ಲ, ವಯಸ್ಸೂ ಆಗಿದೆ. ನಡೆಯುತ್ತದಾ?

ಧಾರಾಳವಾಗಿ. ಹೆಚ್ಚಿನವರು ನಡೆದೇ ಮುಗಿಸುತ್ತಾರೆ. ಅಂತರರಾಷ್ಟ್ರೀಯ ನಿಯಮದಲ್ಲೇ 40, 55, 65 ದಾಟಿದವರಿಗೆ ಬೇರೆ ಬೇರೆ ವಿಭಾಗ ಇದೆ. ಗಂಡಸರ ತಂಡ, ಹೆಂಗಸರ ತಂಡ, ಇಬ್ಬರೂ ಇರುವ ತಂಡ ಅಂತಲೂ ವಿಂಗಡಣೆ ಇದೆ. ಹದಿನೆಂಟಕ್ಕಿಂತ ಚಿಕ್ಕವರ ತಂಡದಲ್ಲಿ ದೊಡ್ಡವರೊಬ್ಬರು ಇರಲೇಬೇಕು ಅನ್ನೋದು ನಮ್ಮ ಕ್ಲಬ್ಬಿನ ನಿಯಮ. ಅಜ್ಜ, ಮಗಳು, ಮೊಮ್ಮಗ ಸೇರಿ ಬಂದರೆ ನಮಗೆ ಜಾಸ್ತಿ ಖುಷಿ.

ಒಬ್ಬನೇ ಬರ್ತೀನಿ, ತಂಡ ಇಲ್ಲ.

ಬನ್ನಿ. ಶುರುವಾಗುವ ಮುಂಚೆ ಹೊಂದಿಸಿಕೊಡುತ್ತೇವೆ. ಒಬ್ಬರನ್ನೇ ಮಾತ್ರ ಬಿಡುವುದಿಲ್ಲ. ಎಷ್ಟು ಅನುಭವ ಇದ್ದರೂ ಅಷ್ಟೇ, ಎಷ್ಟು ಕೇಳಿಕೊಂಡರೂ ಅಷ್ಟೇ. ಕಾಲು ಉಳುಕಿದರೆ ಸುದ್ದಿ ತರಲು ಇನ್ನೊಬ್ಬರು ಬೇಕಲ್ವಾ?

ಇದೇ ಕಾರಣಕ್ಕೆ ತಂಡದವರು ಒಬ್ಬರನ್ನೊಬ್ಬರು ಬಿಟ್ಟು ಹೋಗುವಂತಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿರಬೇಕು. ಚೆಕ್‌ಪಾಯಿಂಟಿನ ಹತ್ತಿರ ಎಲ್ಲರೂ ಬರಬೇಕು. ಒಬ್ಬರನ್ನು ಗುಡ್ಡದ ಕೆಳಗೆ ಕೂರಿಸಿ ಇನ್ನೊಬ್ಬರು ಮೇಲೆ ಹೋಗಿ ಪಂಚ್ ಮಾಡಿಕೊಂಡು (ಕಾರ್ಡಿನಲ್ಲಿ ತೂತಿನ ಗುರುತು ಒತ್ತಿಕೊಂಡು) ಬಂದರೆ ಆ ಅಂಕ ಇಲ್ಲ.

ಅಂಕದ ಲೆಕ್ಕ ಹೇಗೆ?

ಚೆಕ್‌ಪಾಯಿಂಟಿನ ಸಂಖ್ಯೆಯಲ್ಲೇ ಅಂಕ ಇರುತ್ತದೆ. 57 ಅಂತಿದ್ದರೆ 50 ಅಂಕ, 32 ಅಂತಿದ್ದರೆ 30. ಕೊನೆಯ ಅಂಕಿ ಬರೀ ಗುರುತಿಗೆ. ತಡವಾಗಿ ಬಂದರೆ ನಿಮಿಷಕ್ಕೆ 10 ಅಂಕ ಕಟ್. ಅರ್ಧ ಗಂಟೆಗಿಂತ ಜಾಸ್ತಿ ತಡವಾದರೆ ಫಲಿತಾಂಶವೇ ಇಲ್ಲ. ಇಬ್ಬರ ಅಂಕ ಸಮ ಬಂದರೆ ಮೊದಲು ಬಂದ ತಂಡ ಮೇಲೆ.

ಹೊಸಬರು ಬೇಗ ಮರೆಯುವುದು ತಡದ ಈ ಲೆಕ್ಕವನ್ನು. ಕೊನೆಯ ಹೊತ್ತಿನಲ್ಲಿ 40 ಅಂಕದ ಬಾವುಟ ಕಣ್ಣಿಗೆ ಕಾಣುತ್ತಿರುತ್ತದೆ, ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಅದಕ್ಕಾಗಿ ಆರು ನಿಮಿಷ ತಡವಾಯಿತು ಅಂದರೆ 40 ಗಳಿಸಿ 60 ಕಳೆದುಕೊಂಡಿರಿ.

ಮೊಬೈಲ್ ಮ್ಯಾಪ್ ನೋಡಬಹುದಾ?

ಇಲ್ಲ. ಜಿಪಿಎಸ್ ವಾಚ್, ಎತ್ತರ ಅಳೆಯುವ ಯಂತ್ರ, ಹೆಜ್ಜೆ ಎಣಿಸುವ ಯಂತ್ರ ಯಾವುದೂ ಇಲ್ಲ. ಸಾದಾ ಗಡಿಯಾರ ಇಟ್ಟುಕೊಳ್ಳಿ. ಫೋನನ್ನು ನಾವು ಕೊಡುವ ಚೀಲದಲ್ಲಿ ಹಾಕಿ ಅಂಟಿಸಿ ಕೊಡುತ್ತೇವೆ, ಅದು ನಿಮ್ಮ ಬಳಿಯೇ ಇರುತ್ತದೆ. ಅಪಾಯ ಅನಿಸಿದರೆ ಚೀಲ ಹರಿದು ಫೋನ್ ತೆಗೆಯಿರಿ, ಯಾರೂ ಬೈಯುವುದಿಲ್ಲ. ಆಟ ಅಲ್ಲಿಗೆ ಮುಗಿಯಿತು, ಅಷ್ಟೇ.

ಏನೇನು ತರಬೇಕು?

ಕಂಪಾಸ್, ಸೀಟಿ, ಟೋಪಿ, ನೀರು, ಉದ್ದ ಪ್ಯಾಂಟು, ಹಿಡಿತ ಇರುವ ಶೂ. ಸೀಟಿ ಕಡ್ಡಾಯ. ಚಪ್ಪಲಿ ಹಾಕಿಕೊಂಡು ಬಂದವರನ್ನು ಗುಡ್ಡಕ್ಕೆ ಬಿಡುವುದಿಲ್ಲ. ಜಾಲಿ ಮುಳ್ಳು ಅಂದ್ರೆ ಏನು ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ನೀರು ಗಂಟೆಗೆ ಅರ್ಧ ಲೀಟರ್ ಲೆಕ್ಕ ಇಟ್ಟುಕೊಳ್ಳಿ. ಫೆಬ್ರುವರಿ ದಾಟಿದರೆ ಇನ್ನೂ ಜಾಸ್ತಿ. ನಕ್ಷೆಯಲ್ಲಿ ಹಳ್ಳ ನೀಲಿ ಗೆರೆಯಾಗಿ ಕಾಣುತ್ತದೆ ಅಂತ ನೀರು ಸಿಗುತ್ತದೆ ಅಂದುಕೊಳ್ಳಬೇಡಿ. ಸಂಕ್ರಾಂತಿ ಕಳೆದ ಮೇಲೆ ಗದಗ, ಮುಂಡರಗಿ ಕಡೆಯ ಹೆಚ್ಚಿನ ಹಳ್ಳಗಳಲ್ಲಿ ಬರೀ ಮರಳು. ನಾವೇ ಎರಡು ಮೂರು ಕಡೆ ಕ್ಯಾನ್ ಇಟ್ಟಿರುತ್ತೇವೆ, ನಕ್ಷೆಯಲ್ಲಿ ಗುರುತು ಇರುತ್ತದೆ.

ತಿನ್ನಲು ನಿಮ್ಮ ಇಷ್ಟ. ದುಬಾರಿ ಎನರ್ಜಿ ಬಾರ್ ಬೇಕಾಗಿಲ್ಲ. ಶೇಂಗಾ ಹೋಳಿಗೆ ಜೇಬಿನಲ್ಲಿ ಎರಡು ದಿನ ಕೆಡುವುದಿಲ್ಲ, ಬಿಸಿಲಿಗೆ ಕರಗುವುದೂ ಇಲ್ಲ.

ಯಾವ ಕಂಪಾಸ್ ಕೊಳ್ಳಲಿ?

ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕೂತಿರುವ, ತಿರುಗುವ ಬಿಲ್ಲೆ ಇರುವ ಬೇಸ್‌ಪ್ಲೇಟ್ ಕಂಪಾಸ್ ಸಾಕು. ಒಂದು ವಿಷಯ ನೋಡಿಕೊಳ್ಳಿ. ಯುರೋಪಿನವರಿಗಾಗಿ ತೂಗಿಸಿದ ಕಂಪಾಸ್ ಇಲ್ಲಿ ಮುಳ್ಳು ವಾರೆಯಾಗಿ ನಿಂತು ತಳಕ್ಕೆ ತಾಗಬಹುದು. ಭೂಮಿಯ ಕಾಂತ ಅಲ್ಲಿ ಕಡಿದಾಗಿ ಕೆಳಕ್ಕೆ ಎಳೆಯುತ್ತದೆ, ನಮ್ಮ ಕಡೆ ಆ ಎಳೆತ ಕಡಿಮೆ. ಕೊಳ್ಳುವಾಗ ಅಂಗೈ ಮೇಲೆ ಮಟ್ಟವಾಗಿ ಇಟ್ಟು, ಮುಳ್ಳು ಸರಾಗವಾಗಿ ತಿರುಗುತ್ತದಾ ನೋಡಿ.

ಕಂಪಾಸಿನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ನಮ್ಮ ಭಾಗದಲ್ಲಿ ಒಂದು ಡಿಗ್ರಿ ಆಸುಪಾಸು. ಮೆಲ್ಬೋರ್ನ್ ಕಡೆ ಅದು ಹನ್ನೊಂದು ಡಿಗ್ರಿಗೂ ಜಾಸ್ತಿ. ಅಲ್ಲಿಯವರ ವಿಡಿಯೋ ನೋಡಿ ಕಲಿತವರು ಇಲ್ಲಿ ಬಂದು ಕೂಡಿಸು ಕಳೆ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಬೇಕಾಗಿಲ್ಲ.

ಆದರೆ ಗದಗ ಕಡೆಯ ಗುಡ್ಡಗಳಲ್ಲಿ ಹುಷಾರು. ಅಲ್ಲಿ ಕಬ್ಬಿಣದ ಅಂಶ ತುಂಬಿದ ಬಂಡೆಗಳಿವೆ. ಕಂದು-ಕೆಂಪು ಪಟ್ಟೆ ಪಟ್ಟೆ ಕಲ್ಲಿನ ಮೇಲೆ ಕಂಪಾಸ್ ಇಟ್ಟರೆ ಮುಳ್ಳು ದಾರಿ ತಪ್ಪಬಹುದು. ಬಂಡೆಯಿಂದ ಸರಿದು ನಿಂತು ಇನ್ನೊಮ್ಮೆ ನೋಡಿ. ವಿದ್ಯುತ್ ಟವರ್, ತಂತಿಬೇಲಿ, ಟ್ರ್ಯಾಕ್ಟರ್ ಹತ್ತಿರವೂ ಇದೇ ಮಾತು.

ನಕ್ಷೆ ಓದಲು ಬರಲ್ಲ. ಕಲಿಸ್ತೀರಾ?

ಕಲಿಸುತ್ತೇವೆ. ಅಭ್ಯಾಸಕ್ಕೆ ದೂರ ಹೋಗಬೇಕಾಗಿಲ್ಲ. ಉಣಕಲ್ಲಿನ ನೃಪತುಂಗ ಬೆಟ್ಟ, ಧಾರವಾಡದ ನುಗ್ಗಿಕೇರಿ, ಕೆಲಗೇರಿ ಕೆರೆಯ ಸುತ್ತ, ಇಷ್ಟು ಸಾಕು. ಮೊದಲು ಹೆಜ್ಜೆ ಎಣಿಸುವುದು. ನೂರು ಮೀಟರ್ ಅಳೆದು, ಎಡಗಾಲು ನೆಲಕ್ಕೆ ಬಿದ್ದಾಗ ಮಾತ್ರ ಎಣಿಸಿಕೊಂಡು ನಡೆಯಿರಿ. ಹೆಚ್ಚಿನವರಿಗೆ ಅರವತ್ತರಿಂದ ಎಪ್ಪತ್ತು ಬರುತ್ತದೆ. ನಿಮ್ಮದು ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಉತ್ತ ಹೊಲದಲ್ಲಿ, ಏರಿನಲ್ಲಿ, ಕತ್ತಲಲ್ಲಿ ಈ ಸಂಖ್ಯೆ ಏರುತ್ತದೆ. ಅದನ್ನೂ ಬೇರೆ ಬೇರೆಯಾಗಿ ಅಳೆದುಕೊಳ್ಳಿ.

ಸಮಯದ ಅಂದಾಜಿಗೆ ಒಂದು ಹಳೆಯ ಸೂತ್ರ ಇದೆ. ನೇಸ್ಮಿತ್ ಅನ್ನುವ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಹೇಳಿದ್ದು. ಐದು ಕಿಲೋಮೀಟರಿಗೆ ಒಂದು ಗಂಟೆ, ಮೇಲೆ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ಗುಡ್ಡಗಳಲ್ಲಿ ಏರು ಅಷ್ಟಿಲ್ಲ, ಆದರೆ ಮುಳ್ಳುಕಂಟಿ, ಬಿಸಿಲು ಎರಡೂ ಇವೆ. ಈ ಲೆಕ್ಕಕ್ಕೆ ಕಾಲು ಭಾಗ ಸೇರಿಸಿಕೊಂಡರೆ ಸರಿಹೋಗುತ್ತದೆ.

ಎಲ್ಲಕ್ಕಿಂತ ಕೆಲಸಕ್ಕೆ ಬರುವ ಒಂದು ಉಪಾಯ ಹೇಳುತ್ತೇವೆ. ಹಳ್ಳದ ಮೇಲಿನ ಸಣ್ಣ ಸೇತುವೆ ಹತ್ತಿರ ಬಾವುಟ ಇದೆ ಅಂತಿಟ್ಟುಕೊಳ್ಳಿ. ನೀವು ಒಂದು ಕಿಲೋಮೀಟರ್ ದೂರದ ದಿಬ್ಬದ ಮೇಲಿದ್ದೀರಿ. ನೇರ ಸೇತುವೆಗೇ ಗುರಿ ಇಟ್ಟು ಹೊರಟರೆ, ಹಳ್ಳ ಮುಟ್ಟಿದಾಗ ಸೇತುವೆ ಕಾಣುವುದಿಲ್ಲ. ಎಡಕ್ಕಿದೆಯೋ ಬಲಕ್ಕಿದೆಯೋ ಗೊತ್ತಾಗುವುದಿಲ್ಲ. ತಂಡದಲ್ಲಿ ಜಗಳ ಶುರುವಾಗುವುದೇ ಅಲ್ಲಿ. ಅದರ ಬದಲು ಬೇಕಂತಲೇ ಸೇತುವೆಗಿಂತ ನೂರೈವತ್ತು ಮೀಟರ್ ಎಡಕ್ಕೆ ಗುರಿ ಇಡಿ. ಹಳ್ಳ ಸಿಕ್ಕ ತಕ್ಷಣ ಮಾತಿಲ್ಲದೆ ಬಲಕ್ಕೆ ತಿರುಗಿ.

ರಾತ್ರಿ ಆಟ ಇರುತ್ತದಾ?

ಇರುತ್ತದೆ, ಹಗಲಿನಲ್ಲಿ ಒಮ್ಮೆಯಾದರೂ ಆಡಿದವರಿಗೆ ಮಾತ್ರ. ತಲೆಗೆ ಕಟ್ಟುವ ಟಾರ್ಚು, ಮೇಲೊಂದು ಬದಲಿ ಸೆಲ್ ಬೇಕೇ ಬೇಕು. ಗದಗ ಕಡೆ ಗುಡ್ಡದ ಸಾಲಿನ ಮೇಲಿನ ಗಾಳಿ ಫ್ಯಾನುಗಳ ಕೆಂಪು ದೀಪ ನೋಡಿಕೊಂಡು ಹೋಗುತ್ತೇನೆ ಅನ್ನುವವರಿದ್ದಾರೆ. ದಿಕ್ಕಿನ ಅಂದಾಜಿಗೆ ಸರಿ. ಆದರೆ ಒಂದು ದೀಪಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ತಗ್ಗಿಗೆ ಇಳಿದು ಮೇಲೆ ಬಂದಾಗ ನೀವು ನೋಡುತ್ತಿರುವುದು ಮೊದಲಿನದ್ದೇ ಫ್ಯಾನು ಅನ್ನೋದಕ್ಕೆ ಖಾತ್ರಿ ಇಲ್ಲ.

ಯಾವ ತಿಂಗಳು ಒಳ್ಳೆಯದು?

ಇದಕ್ಕೆ ಹವಾಮಾನಕ್ಕಿಂತ ಬೆಳೆಯೇ ಉತ್ತರ. ಮಳೆಗಾಲದಲ್ಲಿ ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಕಾಲಿಟ್ಟರೆ ಶೂಗೆ ಎರಡು ಕಿಲೋ ಮಣ್ಣು ಮೆತ್ತಿಕೊಳ್ಳುತ್ತದೆ, ಜೊತೆಗೆ ಹೊಲದಲ್ಲಿ ಹೆಸರು, ಶೇಂಗಾ, ಗೋವಿನಜೋಳ ನಿಂತಿರುತ್ತದೆ. ನವೆಂಬರ್-ಡಿಸೆಂಬರಿನಲ್ಲಿ ಹವೆ ಚೆನ್ನಾಗಿದ್ದರೂ ಎರೆ ಭೂಮಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಇರುತ್ತದೆ. ಕುಸುಬೆ ಹೊಲದೊಳಗೆ ಒಮ್ಮೆ ಹೊಕ್ಕವರು ಇನ್ನೊಮ್ಮೆ ಹೋಗಲ್ಲ ಬಿಡಿ. ಆ ತಿಂಗಳುಗಳಲ್ಲಿ ನಾವು ಕಲಘಟಗಿ ಕಡೆಯ ದಿಬ್ಬಗಳು, ಮಸಾರಿ (ಕೆಂಪು ಮಣ್ಣಿನ) ನೆಲ, ಗಾಯರಾಣ (ದನ ಮೇಯಲು ಬಿಟ್ಟ ಊರ ಜಾಗ) ಇವುಗಳಲ್ಲೇ ಆಟ ಇಡುತ್ತೇವೆ. ಸುಗ್ಗಿ ಮುಗಿದು ಹೊಲ ಖಾಲಿ ಆಗುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಆಗ ಬೆಳಗ್ಗೆ ಆರಕ್ಕೆ ಶುರು, ಒಂಬತ್ತಕ್ಕೆ ಮುಕ್ತಾಯ. ಏಪ್ರಿಲ್, ಮೇ ಪೂರಾ ರಜೆ.

ಹೊಲದೊಳಗೆ ಹೋಗಬಹುದಾ? ರೈತರು ಏನೂ ಅನ್ನಲ್ವಾ?

ಕ್ಲಬ್ ನಡೆಸುವವರಿಗೆ ಇದೇ ದೊಡ್ಡ ಪ್ರಶ್ನೆ. ಸ್ವಲ್ಪ ಉದ್ದ ಉತ್ತರ.

ಆಸ್ಟ್ರೇಲಿಯಾದಲ್ಲಿ ಸಾವಿರಾರು ಎಕರೆಯ ಒಂದೇ ಜಮೀನು ಸಿಗುತ್ತದೆ, ಒಬ್ಬ ಮಾಲೀಕರ ಹತ್ತಿರ ಮಾತಾಡಿದರೆ ಆಯಿತು. ನಮ್ಮಲ್ಲಿ ಅಷ್ಟೇ ಜಾಗಕ್ಕೆ ಒಂದು ಊರಿಗೆ ಊರೇ ಮಾಲೀಕರು. ಎಲ್ಲರ ಮನೆಗೂ ಹೋಗಲು ಆಗುವುದಿಲ್ಲ. ಹಾಗಂತ ಯಾರಿಗೂ ಹೇಳದೆ ಹೋದರೆ ಮುಂದಿನ ವರ್ಷ ಆ ಊರಿಗೆ ಕಾಲಿಡುವ ಹಾಗಿಲ್ಲ.

ಮೊದಲು ಗ್ರಾಮ ಪಂಚಾಯಿತಿಗೆ ಹೋಗಿ ಅರ್ಜಿ ಕೊಟ್ಟು, ತಾರೀಖು ಹೇಳಿ ಬರುತ್ತೇವೆ. ಹತ್ತಿರದ ಪೊಲೀಸ್ ಠಾಣೆಗೂ ಒಂದು ಪ್ರತಿ. ಇದು ಕಾಗದದ ಕೆಲಸ, ಇದರಿಂದ ಹೊಲದಲ್ಲಿ ನಿಂತಿರುವ ಯಜಮಾನರಿಗೆ ಏನೂ ಗೊತ್ತಾಗುವುದಿಲ್ಲ. ನಿಜವಾದ ಕೆಲಸ ಊರಿನ ಕಟ್ಟೆಯ ಮೇಲೆ, ಚಹಾ ಅಂಗಡಿಯ ಮುಂದೆ. ಕೈಯಲ್ಲಿ ನಕ್ಷೆ ಹಿಡಿದು ಗುಡ್ಡದ ಮೇಲೆ ನಿಂತರೆ ಬರುವ ಮೊದಲ ಪ್ರಶ್ನೆ ಒಂದೇ: "ಸರ್ವೆ ಮಾಡಾಕ ಬಂದೀರೇನ್ರಿ? ಹೊಲದಾಗ ರೋಡ್ ಹಾಯ್ತೈತೇನು?" ಎರಡನೆಯದು, "ನಿಧಿ ಹುಡುಕಾಕತ್ತೀರೇನು?" ಭೂಸ್ವಾಧೀನದ ಭಯ ಸುಮ್ನೆ ಹುಟ್ಟಿದ್ದಲ್ಲ. ಹಾಗಾಗಿ ನಗಬಾರದು, ಅವಸರ ಮಾಡಬಾರದು. "ಇಲ್ಲ ಕಾಕಾ, ಆಟ ಐತಿ, ಭಾನುವಾರ ಮುಂಜಾನೆ ಒಂದಿಷ್ಟು ಮಂದಿ ಬದುವಿನ ಮ್ಯಾಲೆ ಹಾದು ಹೋಗ್ತಾರ, ಪೀಕಿನ್ಯಾಗ ಕಾಲಿಡಂಗಿಲ್ಲ" ಅಂತ ಹೇಳಿ, ನಕ್ಷೆ ಬಿಚ್ಚಿ ತೋರಿಸಬೇಕು. ನಕ್ಷೆಯಲ್ಲಿ ತಮ್ಮ ಬಾವಿ, ತಮ್ಮ ಹುಣಸೆಮರ ಗುರುತಿಸಿದ ಮೇಲೆ ಮಾತಿನ ಧಾಟಿಯೇ ಬದಲಾಗುತ್ತದೆ. ನಮ್ಮ ನಕ್ಷೆಯಲ್ಲಿ ಇಲ್ಲದ ಕಾಲುದಾರಿಗಳನ್ನು ತೋರಿಸಿಕೊಟ್ಟವರು ಅವರೇ. ಬತ್ತಿದ ಬಾವಿಗಳು, ಕೈಬಿಟ್ಟ ಕಲ್ಲಿನ ಕ್ವಾರಿಗಳು ಎಲ್ಲಿವೆ ಅಂತ ಹೇಳುವವರೂ ಅವರೇ. ಬೇಲಿ ಇಲ್ಲದ ಹಾಳುಬಾವಿ ರಾತ್ರಿ ಆಟದಲ್ಲಿ ಎಷ್ಟು ಅಪಾಯ ಅಂತ ಯೋಚನೆ ಮಾಡಿ. ಅಂಥ ಒಂದೊಂದನ್ನೂ ನಕ್ಷೆಯಲ್ಲಿ ಕೆಂಪು ಗೆರೆ ಹಾಕಿ ಮುಚ್ಚುತ್ತೇವೆ.

ಆಟಗಾರರಿಗೆ ನಿಯಮ ಸರಳ. ಪೀಕು ನಿಂತ ಹೊಲಕ್ಕೆ ಕಾಲಿಡಬೇಡಿ, ಬದುವಿನ ಮೇಲೆ ನಡೆಯಿರಿ. ಬೇಲಿ ಹಾರಬೇಡಿ, ತೆರೆದ ಗೇಟು ತೆರೆದೇ ಇರಲಿ, ಮುಚ್ಚಿದ್ದನ್ನು ಮುಚ್ಚಿ. ಕಣದಲ್ಲಿ ರಾಶಿ ಇದ್ದರೆ ದೂರದಿಂದ ಸುತ್ತಿ ಹೋಗಿ, ಚಪ್ಪಲಿ ಹಾಕಿಕೊಂಡು ಕಣ ತುಳಿಯುವುದು ಅವರಿಗೆ ಹಿಡಿಸುವುದಿಲ್ಲ. ಎದುರಿಗೆ ಯಾರೇ ಸಿಗಲಿ ನಿಂತು ನಮಸ್ಕಾರ ಹೇಳಿ. ಅರ್ಧ ನಿಮಿಷ ಹೋದರೆ ಹೋಗಲಿ. ಬೆಳೆ ತುಳಿದ ತಂಡದ ಎಲ್ಲ ಅಂಕ ರದ್ದು. ಇದರ ಬಗ್ಗೆ ವಾದ ಇಲ್ಲ.

ಊಟದ ವ್ಯವಸ್ಥೆಯನ್ನು ಅದೇ ಊರಿನ ಮಹಿಳಾ ಸ್ವಸಹಾಯ ಸಂಘಕ್ಕೆ ಕೊಡುತ್ತೇವೆ. ಖಡಕ್ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮಜ್ಜಿಗೆ. ದುಡ್ಡು ಊರಿನಲ್ಲೇ ಉಳಿಯುತ್ತದೆ. ಮುಂದಿನ ಸಲ ಅನುಮತಿ ಕೇಳಲು ಹೋದಾಗ ಅಕ್ಕಂದಿರೇ ನಮ್ಮ ಪರ ಮಾತಾಡುತ್ತಾರೆ.

ಕಪ್ಪತಗುಡ್ಡದಲ್ಲಿ ಯಾಕೆ ಇಡಲ್ಲ? ಎಷ್ಟು ಚಂದದ ಜಾಗ!

ಚಂದವೇ. ಆದರೆ ಅದು 2019ರಿಂದ ವನ್ಯಜೀವಿ ಧಾಮ, ಸುಮಾರು 244 ಚದರ ಕಿಲೋಮೀಟರ್. ತೋಳ, ಕತ್ತೆಕಿರುಬ ಇರುವ ಜಾಗ, ಔಷಧಿ ಸಸ್ಯಗಳಿಗೂ ಹೆಸರಾದದ್ದು. ಧಾಮದೊಳಗೆ ಹೋಗಲು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅನುಮತಿ ಬೇಕು. ಅನುಮತಿ ಸಿಕ್ಕರೂ, ದಾರಿ ಬಿಟ್ಟು ನೂರು ಜನ ದಿಕ್ಕಾಪಾಲಾಗಿ ಓಡಾಡುವ ಆಟ ಅಲ್ಲಿಗೆ ಹೊಂದುವುದಿಲ್ಲ ಅನ್ನೋದು ನಮ್ಮ ಅಭಿಪ್ರಾಯ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮಕ್ಕೂ, ಬಂಕಾಪುರದ ಕೋಟೆಯ ನವಿಲು ಧಾಮಕ್ಕೂ ಇದೇ ಉತ್ತರ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಆ ತಿಂಗಳುಗಳಲ್ಲಿ ಕೆರೆಯ ಆಸುಪಾಸು ಚೆಕ್‌ಪಾಯಿಂಟ್ ಇಡುವುದಿಲ್ಲ.

ಕಲಘಟಗಿ ಕಡೆಯ ಕಾಡುಗಳಲ್ಲಿ ಅರಣ್ಯ ಇಲಾಖೆಯ ಅನುಮತಿ ಪಡೆದು, ಅವರು ಹೇಳಿದ ಭಾಗದಲ್ಲಿ, ಹಗಲು ಮಾತ್ರ ಇಡುತ್ತೇವೆ. ಅರ್ಜಿ ಎರಡು ತಿಂಗಳು ಮುಂಚೆಯೇ ಹೋಗಬೇಕು.

ನಕ್ಷೆ ಎಲ್ಲಿಂದ ಬರುತ್ತದೆ?

ನಾವೇ ಮಾಡುತ್ತೇವೆ. ಬುನಾದಿಗೆ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆ. ಹಳೆಯ ಸಂಖ್ಯೆಯ ಪ್ರಕಾರ ಹುಬ್ಬಳ್ಳಿ, ಗದಗ ಇರುವುದು 48 ಎಂ ಗುಂಪಿನಲ್ಲಿ, ಹಾವೇರಿ 48 ಎನ್ ಗುಂಪಿನಲ್ಲಿ. ಈ ಹಾಳೆಗಳಲ್ಲಿ 20 ಮೀಟರ್ ಏರಿಗೆ ಒಂದು ಎತ್ತರದ ಗೆರೆ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ). ನಮ್ಮ ತಗ್ಗು ದಿಬ್ಬಗಳಿಗೆ ಇದು ಸಾಲದು, ಹದಿನೈದು ಮೀಟರ್ ದಿಬ್ಬ ಎರಡು ಗೆರೆಗಳ ನಡುವೆ ಮಾಯವಾಗಬಹುದು. ಅದಕ್ಕೇ ಓಪನ್ ಸ್ಟ್ರೀಟ್ ಮ್ಯಾಪ್ (ಜನರೇ ಸೇರಿ ಮಾಡುವ ಪುಕ್ಕಟೆ ನಕ್ಷೆ), ಉಪಗ್ರಹದ ಚಿತ್ರ ಇಟ್ಟುಕೊಂಡು, ನೆಲದ ಮೇಲೆ ನಡೆದು ನೋಡಿ ತಿದ್ದುತ್ತೇವೆ. ಬರೆಯಲು ಓಪನ್ ಓರಿಯಂಟೀರಿಂಗ್ ಮ್ಯಾಪರ್ ಅನ್ನುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ನಕ್ಷೆ ನಿಯಮ ಸಡಿಲಿಸಿದ ಮೇಲೆ ಇಂಥ ಕೆಲಸ ನಮ್ಮಂಥವರಿಗೆ ಹಗುರಾಗಿದೆ.

ಛಾಪಿಸುವಾಗ ಒಂದು ಎಚ್ಚರಿಕೆ. ಝೆರಾಕ್ಸ್ ಅಂಗಡಿಯಲ್ಲಿ ಹುಡುಗ "ಫಿಟ್ ಟು ಪೇಜ್" ಒತ್ತಿದರೆ ನಕ್ಷೆ ಸ್ವಲ್ಪ ಕುಗ್ಗಿ ಬರುತ್ತದೆ. ನೋಡಲು ಏನೂ ಗೊತ್ತಾಗುವುದಿಲ್ಲ, ಆದರೆ ಹೆಜ್ಜೆ ಎಣಿಸಿದವರ ಲೆಕ್ಕ ಎಲ್ಲ ತಪ್ಪುತ್ತದೆ. ಮೊದಲ ಪ್ರತಿ ಬಂದ ಕೂಡಲೇ ಸ್ಕೇಲ್ ಇಟ್ಟು ಅಳೆಯಿರಿ. 1:25,000 ನಕ್ಷೆಯಲ್ಲಿ ಒಂದು ಕಿಲೋಮೀಟರ್ ಸರಿಯಾಗಿ 4 ಸೆಂಟಿಮೀಟರ್ ಇರಬೇಕು. ಇದ್ದರೆ ಉಳಿದದ್ದನ್ನು ಛಾಪಿಸಲು ಹೇಳಿ.

ಬಾವುಟ ಕಟ್ಟುವವರು ಯಾರು?

ಮೂರು ಜನ ಬೇಕು. ಒಬ್ಬರು ಜಾಗ ಆರಿಸಿ ಸಣ್ಣ ರಿಬ್ಬನ್ ಕಟ್ಟಿ ಬರುತ್ತಾರೆ. ಎರಡನೆಯವರು ಅವರ ಸಹಾಯ ಇಲ್ಲದೆ, ಬರೀ ನಕ್ಷೆ ನೋಡಿಕೊಂಡು ಹೋಗಿ ಆ ರಿಬ್ಬನ್ ಹುಡುಕುತ್ತಾರೆ. ಸಿಗದಿದ್ದರೆ ನಕ್ಷೆ ತಪ್ಪು ಅಥವಾ ಜಾಗ ತಪ್ಪು. ಸರಿ ಅಂತಾದ ಮೇಲೆ ಮೂರನೆಯವರು ಹಿಂದಿನ ದಿನ ಬಾವುಟ ಕಟ್ಟುತ್ತಾರೆ. ಈ ಎರಡನೆಯವರನ್ನು ಬಿಟ್ಟು ಆಟ ನಡೆಸಬೇಡಿ. ಒಂದೇ ಒಂದು ಬಾವುಟ ತಪ್ಪಾದ ಹಳ್ಳದಲ್ಲಿದ್ದರೂ ಇಡೀ ಫಲಿತಾಂಶದ ಮೇಲೆ ತಕರಾರು ಬರುತ್ತದೆ.

ಬಾವುಟದ ಬಣ್ಣದ ಬಗ್ಗೆ ಒಂದು ಮಾತು. ಕಿತ್ತಳೆ-ಬಿಳಿ ಅಂತರರಾಷ್ಟ್ರೀಯ ಪದ್ಧತಿ. ಆದರೆ ಊರ ಹೊರಗಿನ ಮರಕ್ಕೆ ರಾತ್ರೋರಾತ್ರಿ ಕಿತ್ತಳೆ ಬಟ್ಟೆ ಕಟ್ಟಿದರೆ ಯಾರ ಬಾವುಟ, ಯಾಕೆ ಕಟ್ಟಿದರು ಅಂತ ಮಾತು ಶುರುವಾಗುತ್ತದೆ. ಗುಡಿ, ದರ್ಗಾ, ಸಮಾಧಿ, ಊರ ಕಟ್ಟೆಯ ಮರ ಇವುಗಳ ಹತ್ತಿರ ಕಟ್ಟುವುದೇ ಇಲ್ಲ. ಚುನಾವಣೆ ಘೋಷಣೆಯಾದರೆ ಆಟ ಮುಂದಕ್ಕೆ. ಪ್ರತಿ ಬಾವುಟಕ್ಕೂ "ಇದು ಆಟದ ಗುರುತು, ದಯವಿಟ್ಟು ಬಿಚ್ಚಬೇಡಿ, ಭಾನುವಾರ ಸಂಜೆ ನಾವೇ ತೆಗೆಯುತ್ತೇವೆ" ಅಂತ ಕನ್ನಡದಲ್ಲಿ ಬರೆದ ಚೀಟಿ, ಫೋನ್ ನಂಬರ್ ಇರುತ್ತದೆ. ಆದರೂ ಒಂದೆರಡು ಹೋಗುತ್ತವೆ. ಕುರಿ ಕಾಯುವ ಹುಡುಗರಿಗೆ ಬಣ್ಣದ ಬಟ್ಟೆ ಸಿಕ್ಕರೆ ಬಿಡುತ್ತಾರಾ?

ಕ್ಲಬ್ಬಿಗೆ ಆಡುವವರು ಬೇಕಾದಷ್ಟು ಸಿಗುತ್ತಾರೆ. ಬಿಸಿಲಲ್ಲಿ ಗುಡ್ಡ ಸುತ್ತಿ ರಿಬ್ಬನ್ ಹುಡುಕುವ ಆ ಎರಡನೆಯವರು ಸಿಗುವುದೇ ಕಷ್ಟ. ಅದಕ್ಕೇ ನಮ್ಮಲ್ಲಿ ವರ್ಷಕ್ಕೊಮ್ಮೆ ಬಾವುಟದ ಕೆಲಸ ಮಾಡಿದವರಿಗೆ ಮುಂದಿನ ಆಟಗಳ ಶುಲ್ಕ ಇಲ್ಲ.

ಪಂಚ್ ಮಾಡಲು ಎಲೆಕ್ಟ್ರಾನಿಕ್ ಯಂತ್ರ ಇದೆಯಾ?

ಇಲ್ಲ. ಬೆರಳಿಗೆ ಕಟ್ಟುವ ಚಿಪ್, ಬಾವುಟದ ಹತ್ತಿರ ಯಂತ್ರ, ಎಲ್ಲ ಹೊರದೇಶದಿಂದ ತರಿಸಬೇಕು, ದುಬಾರಿ. ಸೂಜಿ ಪಂಚ್ ಇಟ್ಟಿದ್ದೇವೆ. ಒಂದೊಂದರ ತೂತಿನ ವಿನ್ಯಾಸ ಬೇರೆ ಬೇರೆ, ನಿಮ್ಮ ಕಾರ್ಡಿನ ಚೌಕದಲ್ಲಿ ಒತ್ತಿಕೊಳ್ಳಿ. ಜೊತೆಗೆ ಒಂದು ಹಾಳೆ ಇರುತ್ತದೆ. ತಂಡದ ನಂಬರ್, ಬಂದ ಸಮಯ, ಮುಂದೆ ಎಲ್ಲಿಗೆ ಹೋಗುತ್ತೀರಿ, ಮೂರನ್ನೂ ಬರೆಯಿರಿ. ಸೋಮಾರಿತನ ಬೇಡ. ಯಾರಾದರೂ ವಾಪಸ್ ಬರದಿದ್ದಾಗ ನಾವು ಹುಡುಕುವುದು ಈ ಹಾಳೆ ಹಿಡಿದುಕೊಂಡೇ.

ಹಾವು, ನಾಯಿ, ಬಿಸಿಲು?

ಹಾವಿಗಿಂತ ಬಿಸಿಲಿನ ತೊಂದರೆಯೇ ಜಾಸ್ತಿ. ತಲೆ ಸುತ್ತು, ವಾಂತಿ, ಮಾತು ತೊದಲುವುದು ಕಂಡರೆ ನೆರಳಿಗೆ ಕೂರಿಸಿ, ಬಟ್ಟೆ ತೋಯಿಸಿ ಮೈ ತಂಪು ಮಾಡಿ, ಸೀಟಿ ಊದಿ. ಬೇರೆ ತಂಡದ ಸೀಟಿ ಕೇಳಿದರೆ ನಿಮ್ಮ ಆಟ ಬಿಟ್ಟು ಹೋಗಲೇಬೇಕು, ಅದು ನಿಯಮ.

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕೂ ಈ ಭಾಗದಲ್ಲಿವೆ. ಕಲ್ಲಿನ ಗುಡ್ಡೆ, ಬಣವೆ, ಒಣಹುಲ್ಲಿನೊಳಗೆ ಕೈ ಹಾಕಬೇಡಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಆ ಕೈಯನ್ನೋ ಕಾಲನ್ನೋ ಅಲುಗಾಡದ ಹಾಗೆ ಇಟ್ಟು, ನಡೆಸದೆ, ಬೇಗ ಆಸ್ಪತ್ರೆಗೆ ಸಾಗಿಸಬೇಕು. ಹಾವನ್ನು ಹಿಡಿದು ತರುವ ಸಾಹಸ ಬೇಡ, ನಾಲ್ಕಕ್ಕೂ ಒಂದೇ ಔಷಧಿ. ಆಂಬುಲೆನ್ಸಿಗೆ 108. ಆಟದ ದಿನ ನಮ್ಮ ಒಂದು ಗಾಡಿ ಯಾವಾಗಲೂ ತಯಾರಿರುತ್ತದೆ, ಅದರ ಚಾಲಕ ಆಟ ಆಡುವುದಿಲ್ಲ. ಹಾವಿನ ಔಷಧಿ ಯಾವ ಆಸ್ಪತ್ರೆಯಲ್ಲಿದೆ ಅಂತ ಹಿಂದಿನ ದಿನವೇ ಫೋನ್ ಮಾಡಿ ಕೇಳಿಟ್ಟುಕೊಂಡಿರುತ್ತೇವೆ.

ಕುರಿಹಿಂಡಿನ ನಾಯಿಗಳು ಮಾತ್ರ ತಮಾಷೆಯಲ್ಲ. ಹಿಂಡು ಕಂಡರೆ ಓಡಬೇಡಿ, ದೂರದಲ್ಲೇ ನಿಂತು ಕುರುಬಣ್ಣನನ್ನು ಕೂಗಿ. ಅವರು ನಾಯಿ ಕರೆದ ಮೇಲೆ ಸುತ್ತಿ ಹೋಗಿ. ಕಚ್ಚಿದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು, ಅವತ್ತೇ ರೇಬಿಸ್ ಚುಚ್ಚುಮದ್ದು ಹಾಕಿಸಿಕೊಳ್ಳಿ.

ಕ್ಲಬ್ಬನ್ನು ನೋಂದಣಿ ಮಾಡಿಸಬೇಕಾ?

ಗೆಳೆಯರ ಗುಂಪು ಅಭ್ಯಾಸ ಮಾಡಲು ಬೇಕಾಗಿಲ್ಲ. ಆದರೆ ಶುಲ್ಕ ತೆಗೆದುಕೊಂಡು, ಇಲಾಖೆಗಳಿಗೆ ಅರ್ಜಿ ಹಾಕಿ ನಡೆಸಬೇಕು ಅಂದ್ರೆ ಮಾಡಿಸುವುದೇ ಒಳ್ಳೆಯದು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಕನಿಷ್ಠ ಏಳು ಜನ ಬೇಕು. ಬೈಲಾ (ಸಂಘದ ನಿಯಮಾವಳಿ) ಬರೆದು ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸುವುದು. ಮಾಡಿಸುವುದು ಸುಲಭ, ಉಳಿಸಿಕೊಳ್ಳುವುದಕ್ಕೆ ಶಿಸ್ತು ಬೇಕು. ಪ್ರತಿ ವರ್ಷ ಸಾಮಾನ್ಯ ಸಭೆ, ಲೆಕ್ಕ ಪರಿಶೋಧನೆ, ಪದಾಧಿಕಾರಿಗಳ ಪಟ್ಟಿ ಸಲ್ಲಿಕೆ. ಖಜಾಂಚಿ ಆಗುವವರು ಚೆನ್ನಾಗಿ ಓಡುವವರಾಗಬೇಕಿಲ್ಲ, ರಸೀದಿ ಎತ್ತಿಡುವವರಾಗಲಿ. ಬೈಲಾ ಬರೆಯುವಾಗ ಮೂರು ಜಿಲ್ಲೆಗಳಿಂದಲೂ ಸಮಿತಿಯಲ್ಲಿ ಜನ ಇರಬೇಕು ಅಂತ ಹಾಕಿ. ಇಲ್ಲದಿದ್ದರೆ ಎಲ್ಲ ಸಭೆ ಹುಬ್ಬಳ್ಳಿಯಲ್ಲೇ ಆಗಿ, ಗದಗ-ಹಾವೇರಿಯವರು ನಿಧಾನಕ್ಕೆ ಬಿಟ್ಟು ಹೋಗುತ್ತಾರೆ.

ಶುಲ್ಕದ ದುಡ್ಡು ಎಲ್ಲಿಗೆ ಹೋಗುತ್ತದೆ?

ನಕ್ಷೆ ಛಾಪಿಸುವುದು, ಊಟ, ನೀರು, ಗಾಡಿಯ ಡೀಸೆಲ್, ಆ ದಿನದ ಅಪಘಾತ ವಿಮೆ. ಉಳಿದರೆ ಹೊಸ ಕಂಪಾಸ್. ಸಂಘಟಕರಿಗೆ ಸಂಭಾವನೆ ಇಲ್ಲ. ಬಹುಮಾನಕ್ಕೆ ನಗದು ಕೊಡುವುದಿಲ್ಲ, ಗೆದ್ದ ತಂಡಕ್ಕೆ ಒಂದು ಡಬ್ಬಿ ಧಾರವಾಡ ಪೇಡಾ. ನಗದು ಇಟ್ಟರೆ ತಕರಾರು ಜಾಸ್ತಿ, ಬೆಳೆ ತುಳಿಯುವವರೂ ಜಾಸ್ತಿ.

ಮಳೆ ಬಂದರೆ?

ತುಂತುರಾದರೆ ಆಟ ನಡೆಯುತ್ತದೆ. ಸಿಡಿಲು ಬಂದರೆ ನಿಲ್ಲಿಸಿ ಗಾಡಿಯ ಹಾರ್ನ್ ಉದ್ದಕ್ಕೆ ಹೊಡೆಯುತ್ತೇವೆ, ಗುಡ್ಡದ ನೆತ್ತಿಯಿಂದ ಕೆಳಗಿಳಿಯಿರಿ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಹಿಂದಿನ ರಾತ್ರಿ ಎರೆ ಭೂಮಿಯಲ್ಲಿ ಜೋರು ಮಳೆಯಾಗಿದ್ದರೆ ಆಟ ಮುಂದಿನ ವಾರಕ್ಕೆ.

ನಮ್ಮ ನಾಯಿ ಕರೆತರಬಹುದಾ?

ಬೇಡ. ಕುರಿಹಿಂಡು, ಮೇಲಿನ ಉತ್ತರ ನೋಡಿ.

ಸೇರೋದು ಹೇಗೆ?

ಅಭ್ಯಾಸದ ಭಾನುವಾರ ಬೆಳಗ್ಗೆ ಆರೂವರೆಗೆ ನೃಪತುಂಗ ಬೆಟ್ಟದ ಬುಡಕ್ಕೆ ಬನ್ನಿ. ಕಂಪಾಸ್ ಇಲ್ಲದಿದ್ದರೆ ಕ್ಲಬ್ಬಿನದು ಕೊಡುತ್ತೇವೆ. ಮೊದಲ ಸಲ ಶುಲ್ಕ ಇಲ್ಲ. ನೀರಿನ ಬಾಟ್ಲಿ ಮಾತ್ರ ನಿಮ್ಮದೇ ತನ್ನಿ.